ರಾಮಾನುಜನ್ನರ ನೋಟುಪುಸ್ತಕ

ಬೀಜದಲ್ಲಿ ಎಷ್ಟೇ ಸತ್ತ್ವವಿದ್ದರೂ ನೆಲ, ನೀರು ದೊರೆಯದಿದ್ದರೆ ಅದು ಮೊಳೆಯಲಾರದು. ಪ್ರತಿಭೆಯೂ ಹಾಗೆಯೇ. ತನ್ನ ಕೆಲಸವನ್ನು ಬಲ್ಲವರ ಮುಂದಿಡುವ ಧೈರ್ಯ ಪ್ರತಿಭಾವಂತನಿಗೆ ಬೇಕು. ಅದನ್ನು ಗುರುತಿಸಿ ಮುಂದಿನ ಮೆಟ್ಟಿಲು ತೋರಿಸುವ ಔದಾರ್ಯ ಬಲ್ಲವರಿಗೆ ಬೇಕು. ಇವೆರಡೂ ಒಂದುಗೂಡಿದಾಗ ಏನಾಗಬಲ್ಲದೆಂಬುದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಬಾಳು ಉಜ್ಜ್ವಲ ನಿದರ್ಶನವಾಗಿದೆ.

ರಾಮಾನುಜನ್ನರು 1887ನೆಯ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದರು, ಬೆಳೆದುದು ಕುಂಭಕೋಣದಲ್ಲಿ. ತಂದೆ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ಶಾಲೆಯಲ್ಲಿ ಬಹುಮಾನಗಳನ್ನು ಗಳಿಸುತ್ತಿದ್ದ ಈ ಬಾಲಕನ ಕೈಗೆ ಹದಿನಾರನೆಯ ವಯಸ್ಸಿನ ಸುಮಾರಿಗೆ ಕಾರ್ ಎಂಬ ಆಂಗ್ಲ ಲೇಖಕನ ಗಣಿತಗ್ರಂಥವೊಂದು ಬಂದಿತು. ಅದರಲ್ಲಿ ಸಾವಿರಾರು ಸೂತ್ರಗಳಿದ್ದುವು. ವಿವರಣೆ ಮಾತ್ರ ಅತ್ಯಲ್ಪ. ಅವುಗಳನ್ನು ತಾವಾಗಿಯೇ ಸಾಧಿಸುತ್ತ ಹೋದಂತೆ ರಾಮಾನುಜನ್ನರಿಗೆ ಹೊಸ ಹೊಸ ಸೂತ್ರಗಳು ಹೊಳೆಯತೊಡಗಿದುವು. ಅವನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಟ್ಟರು. ಆದರೆ ಗಣಿತದ ಗುಂಗಿನಲ್ಲಿ ಉಳಿದ ವಿಷಯಗಳು ಹಿಂದೆ ಬಿದ್ದುವು. ಕುಂಭಕೋಣದ ಕಾಲೇಜಿನಲ್ಲಿ ದೊರೆತಿದ್ದ ವಿದ್ಯಾರ್ಥಿವೇತನ ಕೈತಪ್ಪಿತು. ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜನ್ನು ಸೇರಿದರೂ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. 1909ರಲ್ಲಿ ವಿವಾಹವಾಯಿತು. ಪದವಿಯಿಲ್ಲ, ಉದ್ಯೋಗವಿಲ್ಲ, ಸಂಸಾರದ ಹೊಣೆಯಂತೂ ಹೆಗಲೇರಿತ್ತು.

ಆಗ ಅವರ ಬಳಿ ಇದ್ದ ಏಕೈಕ ಯೋಗ್ಯತಾಪತ್ರವೆಂದರೆ ಆ ನೋಟುಪುಸ್ತಕ. ಅದನ್ನು ಹಿಡಿದುಕೊಂಡು 1910ರಲ್ಲಿ ಅವರು ತಿರುಕ್ಕೋಯಿಲೂರಿಗೆ ಹೋದರು. ಅಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರು ಭಾರತೀಯ ಗಣಿತ ಸಂಘದ ಸ್ಥಾಪಕರು. ತಮ್ಮ ಕಚೇರಿಯಲ್ಲಿ ಒಂದು ಗುಮಾಸ್ತಗಿರಿಯನ್ನು ಕೊಡಿಸಬೇಕೆಂದು ರಾಮಾನುಜನ್ನರು ಬೇಡಿಕೊಂಡರು. ಅಯ್ಯರರು ಪುಸ್ತಕದ ಹಾಳೆಗಳನ್ನು ತಿರುವಿ ನೋಡಿ ಬೆರಗಾದರು. ಇಂಥ ಪ್ರತಿಭೆಯನ್ನು ಕಂದಾಯ ಕಚೇರಿಯ ಕಡತಗಳಲ್ಲಿ ಹೂತುಬಿಡಲು ಅವರ ಮನಸ್ಸು ಒಪ್ಪಲಿಲ್ಲ. ಅವರು ಕೆಲಸ ಕೊಡಲಿಲ್ಲ. ಮದರಾಸಿನ ತಮ್ಮ ಗಣಿತಜ್ಞ ಮಿತ್ರರಿಗೆ ಪರಿಚಯಪತ್ರ ಬರೆದುಕೊಟ್ಟರು. ಹಸಿದವನಿಗೆ ಅಂದು ಆ ಪತ್ರ ಅನ್ನವಾಗಿ ಕಾಣಿಸದಿದ್ದಿರಬಹುದು. ಆದರೂ ಬೇಡಿದುದಕ್ಕಿಂತ ದೊಡ್ಡದನ್ನೇ ಅವರು ಕೊಟ್ಟಿದ್ದರು.

ಮದರಾಸಿನಲ್ಲಿ ಪ್ರಾಧ್ಯಾಪಕ ಶೇಷು ಅಯ್ಯರರು ನೆಲ್ಲೂರಿನ ಕಲೆಕ್ಟರರಾಗಿದ್ದ ರಾಮಚಂದ್ರ ರಾಯರತ್ತ ದಾರಿ ತೋರಿಸಿದರು. ರಾಯರಿಗೆ ಮೊದಲು ಸಂಶಯವಿದ್ದಿತು. ರಾಮಾನುಜನ್ನರು ಬೇಸರಿಸದೆ ತಮ್ಮ ಸಿದ್ಧಾಂತಗಳನ್ನು ಹಂತಹಂತವಾಗಿ ವಿವರಿಸಿದರು. ಸಂಶಯ ಕರಗಿತು, ರಾಯರು ಕೆಲಕಾಲ ತಿಂಗಳ ವೆಚ್ಚವನ್ನು ತಾವೇ ವಹಿಸಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ನರ ಮೊದಲ ಪ್ರಬಂಧ ಪ್ರಕಟವಾಯಿತು. ಪರರ ಹಣದಿಂದ ಬಾಳಲು ಇಷ್ಟಪಡದ ಅವರು 1912ರ ಮಾರ್ಚ್ 1ರಂದು ಮದರಾಸು ಬಂದರು ಕಚೇರಿಯಲ್ಲಿ ಮೂವತ್ತು ರೂಪಾಯಿ ಸಂಬಳದ ಗುಮಾಸ್ತರಾದರು. ಅಲ್ಲಿನ ಲೆಕ್ಕಾಧಿಕಾರಿ ನಾರಾಯಣ ಅಯ್ಯರರು ಸ್ವತಃ ಗಣಿತಜ್ಞರು. ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರಿಗೂ ಈ ಗುಮಾಸ್ತನ ವಿಷಯದಲ್ಲಿ ಆಸಕ್ತಿ ಮೂಡಿತು.

ಹಿತೈಷಿಗಳ ಪ್ರೋತ್ಸಾಹದಿಂದ ರಾಮಾನುಜನ್ನರು ಕೇಂಬ್ರಿಜಿನ ವಿದ್ವಾಂಸರಿಗೆ ಪತ್ರ ಬರೆದರು. ಇಬ್ಬರಿಂದ ಏನೂ ಪ್ರಯೋಜನವಾಗಲಿಲ್ಲ. ಎದೆಗುಂದದೆ 1913ರ ಜನವರಿ 16ರಂದು ಜಿ.ಎಚ್. ಹಾರ್ಡಿಯವರಿಗೆ ಬರೆದರು. ತಾವು ಬಡ ಗುಮಾಸ್ತರೆಂಬುದನ್ನಾಗಲಿ ವಿಶ್ವವಿದ್ಯಾನಿಲಯದ ಶಿಕ್ಷಣ ಪಡೆದಿಲ್ಲವೆಂಬುದನ್ನಾಗಲಿ ಮರೆಮಾಚಲಿಲ್ಲ. ಮುಖಸ್ತುತಿಯನ್ನು ನೆಚ್ಚದೆ ಪತ್ರದ ಜೊತೆಗೆ ಪುಟಗಟ್ಟಲೆ ಪ್ರಮೇಯಗಳನ್ನು ಇಟ್ಟರು. ಹಾರ್ಡಿಯವರು ತಮ್ಮ ಸಹೋದ್ಯೋಗಿ ಲಿಟಲ್‌ವುಡ್ಡರೊಡನೆ ಕುಳಿತು ಪರಿಶೀಲಿಸಿ, ಬರೆದಾತ ಅಸಾಧಾರಣನೆಂದು ಮನಗಂಡರು. ಉತ್ತರದಲ್ಲಿ ಮೆಚ್ಚುಗೆಯಿತ್ತು, ಸಾಧನೆಯ ಕ್ರಮವನ್ನು ಬರೆದು ಕಳುಹಿಸಬೇಕೆಂಬ ಒತ್ತಾಯವೂ ಇತ್ತು.

ಅದೇ ವರ್ಷ ಮದರಾಸಿಗೆ ಬಂದಿದ್ದ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರರು ನೋಟುಪುಸ್ತಕವನ್ನು ಕಂಡು ಮದರಾಸು ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದರು. ಫಲವಾಗಿ ಪದವಿಯೇ ಇಲ್ಲದ ರಾಮಾನುಜನ್ನರು ತಿಂಗಳಿಗೆ ಎಪ್ಪತ್ತೈದು ರೂಪಾಯಿ ವೇತನದ ಸಂಶೋಧನ ವಿದ್ಯಾರ್ಥಿಯಾದರು. ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕೆಂಬ ನಿಬಂಧನೆಯನ್ನು ನಿಷ್ಠೆಯಿಂದ ಪಾಲಿಸಿದರು. 1914ರ ಮೊದಲಲ್ಲಿ ಮದರಾಸಿನಲ್ಲಿ ಉಪನ್ಯಾಸ ನೀಡಲು ಬಂದ ನೆವಿಲ್ ಎಂಬ ಕೇಂಬ್ರಿಜಿನ ಗಣಿತಜ್ಞರು ಅವರನ್ನು ಇಂಗ್ಲೆಂಡಿಗೆ ಬರಲು ಒಪ್ಪಿಸಿದರು. ಕಡಲು ದಾಟುವುದು ಆಚಾರಕ್ಕೆ ವಿರುದ್ಧವೆಂದು ತಡೆದಿದ್ದ ತಾಯಿ ಕೊನೆಗೆ ಸಮ್ಮತಿಸಿದರು. ಮಾರ್ಚ್ 17ರಂದು ಹಡಗು ಹೊರಟಿತು.

ಕೇಂಬ್ರಿಜಿನಲ್ಲಿ ಹಾರ್ಡಿಯವರು ಗುರುವೂ ಸಹಚರರೂ ಆದರು. 1916ರಲ್ಲಿ ಸಂಶೋಧನೆಗಾಗಿ ಬಿ.ಎ. ಪದವಿ ದೊರೆಯಿತು, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೊ ಗೌರವ. ಆದರೆ ಯುದ್ಧಕಾಲದ ಕಷ್ಟಗಳ ನಡುವೆ ಶರೀರ ರೋಗಕ್ಕೆ ತುತ್ತಾಗಿತ್ತು. 1919ರಲ್ಲಿ ತಾಯ್ನಾಡಿಗೆ ಮರಳಿದ ಅವರು 1920ರ ಏಪ್ರಿಲ್ 26ರಂದು ಮೂವತ್ತೆರಡರ ಹರೆಯದಲ್ಲೇ ಕಣ್ಮುಚ್ಚಿದರು.

ಮರಳುವ ಮುನ್ನ ಮದರಾಸು ವಿಶ್ವವಿದ್ಯಾನಿಲಯ ಅವರಿಗೆ ವರ್ಷಕ್ಕೆ 250 ಪೌಂಡುಗಳ ವೇತನವನ್ನು ಗೊತ್ತುಮಾಡಿತ್ತು. ಅದಕ್ಕೆ ಉತ್ತರವಾಗಿ ಬರೆದ ಪತ್ರದಲ್ಲಿ ಅವರು, ತಂದೆತಾಯಿಗಳಿಗೂ ತಮ್ಮ ಅಗತ್ಯಗಳಿಗೂ ಸಾಕಾಗಿ ಮಿಕ್ಕ ಹಣವನ್ನು ಬಡ ಹಾಗೂ ಅನಾಥ ಮಕ್ಕಳ ಶಾಲಾಶುಲ್ಕದಂಥ ವಿದ್ಯಾಕಾರ್ಯಗಳಿಗೆ ಬಳಸಬೇಕೆಂದು ಕೋರಿದರು. ಹಲವರ ಕೈ ಹಿಡಿದು ಮೇಲೇರಿದವರು, ತಮ್ಮ ಕೈಯನ್ನೂ ಹಿಂದೆ ಬರುವವರತ್ತ ಚಾಚಿದ್ದರು.