ಥಾಮಸ್ ಯಂಗ್ ಮತ್ತು ವೈಮಾನಿಕನ ಕಿವಿ

ಬೆಳಕಿಗೆ ಬೆಳಕು ಸೇರಿದರೆ ಕತ್ತಲಾಗಬಹುದು, ಸದ್ದಿಗೆ ಸದ್ದು ಸೇರಿದರೆ ಮೌನವಾಗಬಹುದು ಎಂದು ಯಾರಾದರೂ ಹೇಳಿದರೆ ಕೇಳಿದವರು ನಗುವುದು ಸಹಜ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆಂಗ್ಲ ದೇಶದ ತರುಣ ವೈದ್ಯನೊಬ್ಬನು ಈ ಮಾತನ್ನು ಹೇಳಿದನು. ಕೇಳಿದವರಲ್ಲಿ ಕೆಲವರು ನಕ್ಕರು; ಹಲವರು ಗಮನಿಸಲೇ ಇಲ್ಲ. ಇಂದು ವಿಮಾನ ನಡೆಸುವವರು ತಲೆಗೆ ಧರಿಸುವ, ಸದ್ದನ್ನು ಅಡಗಿಸುವ ಹೆಡ್‌ಸೆಟ್ಟು ಅದೇ ತತ್ತ್ವದ ಮೇಲೆ ನಿಂತಿದೆ. ಆ ಮಹನೀಯನ ಹೆಸರು ಥಾಮಸ್ ಯಂಗ್. ನಾನು ಕಲಾ ವಿಭಾಗದ ವಿದ್ಯಾರ್ಥಿ. ಭೌತಶಾಸ್ತ್ರ ನನ್ನ ಪಾಠವಲ್ಲ. ಆದರೂ ಈತನ ಜೀವನವನ್ನು ಓದಿದಂದಿನಿಂದ ಅದನ್ನು ಸಹಪಾಠಿ ಮಿತ್ರರ ಮುಂದಿಡಬೇಕೆಂಬ ಆಸೆ ನನ್ನನ್ನು ಬಿಟ್ಟಿಲ್ಲ.

ಯಂಗನು 1773ನೆಯ ಇಸವಿ ಜೂನ್ 13ರಂದು ಸಾಮರ್‌ಸೆಟ್ ಪ್ರಾಂತದ ಮಿಲ್ವರ್ಟನ್ ಎಂಬ ಊರಿನಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದನು. ಹತ್ತು ಮಂದಿ ಮಕ್ಕಳಲ್ಲಿ ಇವನೇ ಹಿರಿಯನು. ಎರಡನೆಯ ವಯಸ್ಸಿಗೇ ಓದಲು ಕಲಿತನೆಂದು ಹೇಳುತ್ತಾರೆ. ಹದಿನಾಲ್ಕು ತುಂಬುವ ಹೊತ್ತಿಗೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಹೀಬ್ರೂ ಮೊದಲಾದ ಭಾಷೆಗಳ ಪರಿಚಯ ಅವನಿಗಾಗಿತ್ತು. ಬಂಧುವೂ ವೈದ್ಯನೂ ಆಗಿದ್ದ ಬ್ರಾಕಲ್ಸ್‌ಬಿ ಎಂಬ ಹಿರಿಯನ ಪ್ರೋತ್ಸಾಹದಿಂದ ವೈದ್ಯವಿದ್ಯೆಗೆ ಸೇರಿದನು. ಕಣ್ಣು ಹತ್ತಿರದ ವಸ್ತುವನ್ನೂ ದೂರದ ವಸ್ತುವನ್ನೂ ಹೇಗೆ ಸ್ಪಷ್ಟವಾಗಿ ಕಾಣುತ್ತದೆಂಬುದನ್ನು ಕುರಿತು 1793ರಲ್ಲಿ ಬರೆದ ಪ್ರಬಂಧದಿಂದ ಖ್ಯಾತಿ ಪಡೆದು, ಮರುವರ್ಷವೇ ರಾಯಲ್ ಸೊಸೈಟಿಯ ಸದಸ್ಯನಾದನು. ಆಗ ಅವನ ವಯಸ್ಸು 21!

ಲಂಡನ್, ಎಡಿನ್‌ಬರೋ ನಗರಗಳಲ್ಲಿ ಓದಿ, 1796ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿಯನ್ನು ಪಡೆದನು. ಅಲ್ಲಿ ಮನುಷ್ಯನ ಕಂಠಧ್ವನಿಯನ್ನು ಕುರಿತು ವಿಚಾರಮಾಡುತ್ತ ಅವನ ಮನಸ್ಸು ಧ್ವನಿಯ ಕಡೆಗೆ ತಿರುಗಿತು. ಮುಂದೆ ಕೇಂಬ್ರಿಜ್ಜಿನಲ್ಲಿದ್ದಾಗ ಆರ್ಗನ್ ವಾದ್ಯದ ಕೊಳವೆಗಳ ನಾದವನ್ನು ಅಭ್ಯಾಸಮಾಡಿದನು. ಶ್ರುತಿಯಲ್ಲಿ ಸ್ವಲ್ಪವೇ ವ್ಯತ್ಯಾಸವಿರುವ ಎರಡು ಕೊಳವೆಗಳನ್ನು ಒಟ್ಟಿಗೆ ನುಡಿಸಿದರೆ ನಾದವು ಏರುತ್ತ ಇಳಿಯುತ್ತ ಸಾಗುತ್ತದೆ. ನಮ್ಮಲ್ಲಿ ತಂಬೂರಿಯ ಶ್ರುತಿ ಕೂಡಿಸುವವರು ಈ ಅಲೆತವನ್ನು ಚೆನ್ನಾಗಿ ಬಲ್ಲರು. ಇಳಿಯುವ ಕ್ಷಣದಲ್ಲಿ ನಾದವೆಲ್ಲಿ ಹೋಯಿತು? ಎರಡು ಅಲೆಗಳು ಪರಸ್ಪರ ಎದುರಾಗಿ ಒಂದನ್ನೊಂದು ಅಡಗಿಸಿದವು ಎಂಬುದೇ ಯಂಗನ ಉತ್ತರ. ಇದನ್ನೇ ವ್ಯತಿಕರಣ ತತ್ತ್ವವೆನ್ನುತ್ತಾರೆ.

ಈ ತತ್ತ್ವವನ್ನು ತೋರಿಸಲು ಯಂಗನು ನೀರಿನ ತೊಟ್ಟಿಯಲ್ಲಿ ಅಲೆಗಳನ್ನೆಬ್ಬಿಸುತ್ತಿದ್ದನು. ನಮಗೆ ಅಷ್ಟು ಶ್ರಮವೂ ಬೇಡ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ದಡದಲ್ಲಿ ಗಾಳಿಯಿಲ್ಲದ ಬೆಳಗ್ಗೆ ನಿಂತು, ಇಬ್ಬರು ಒಂದೇ ಸಮಯದಲ್ಲಿ ಸ್ವಲ್ಪ ದೂರದಲ್ಲಿ ಒಂದೊಂದು ಕಲ್ಲು ಹಾಕಿ ನೋಡಬಹುದು. ಎರಡು ಬಳೆಗಳು ಹರಡಿ ಒಂದನ್ನೊಂದು ದಾಟುತ್ತವೆ. ಉಬ್ಬಿನ ಮೇಲೆ ಉಬ್ಬು ಬಂದಲ್ಲಿ ನೀರು ಇಮ್ಮಡಿ ಏಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಕೂಡಿದಲ್ಲಿ ನೀರು ಅಲುಗದೆ ನಿಲ್ಲುತ್ತದೆ. ಬೆಳಕೂ ಇದೇ ರೀತಿಯ ಅಲೆಯೆಂದು ಯಂಗನು 1801ರಲ್ಲಿ ರಾಯಲ್ ಸೊಸೈಟಿಯ ಮುಂದೆ ವಾದಿಸಿದನು.

ಬೆಳಕು ಕಣಗಳ ಪ್ರವಾಹವೆಂದು ಮಹಾಮತಿ ನ್ಯೂಟನ್ನನು ಹೇಳಿಹೋಗಿದ್ದ ಕಾಲವದು. ಹೆನ್ರಿ ಬ್ರೂಅಮ್ ಎಂಬಾತನು ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಯಂಗನ ಪ್ರಬಂಧಗಳನ್ನು ಕಟುವಾಗಿ ಹಳಿದನು. ಯಂಗನು ಉತ್ತರವಾಗಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದನು. ಅದರ ಒಂದೇ ಒಂದು ಪ್ರತಿ ಮಾರಾಟವಾಯಿತೆಂದು ಪ್ರತೀತಿ. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕ ಪದವಿಯನ್ನು 1803ರಲ್ಲಿ ಬಿಟ್ಟು ವೈದ್ಯವೃತ್ತಿಗೆ ಹೆಚ್ಚು ಗಮನ ಕೊಟ್ಟನು. ಆದರೂ ತನ್ನ ಉಪನ್ಯಾಸಗಳನ್ನು 1807ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಲು ಮರೆಯಲಿಲ್ಲ. ಈಜಿಪ್ಟಿನ ರೊಸೆಟ್ಟಾ ಶಿಲಾಶಾಸನವನ್ನು ಓದುವ ಕಾರ್ಯದಲ್ಲಿಯೂ ಷಾಂಪೋಲಿಯನ್ನನಿಗಿಂತ ಮೊದಲೇ ಕೆಲವು ಹೆಜ್ಜೆಗಳನ್ನಿಟ್ಟನು. ಇಷ್ಟರಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬ ಎಂಜಿನಿಯರನು ಬೆಳಕಿನ ಅಲೆಗಳನ್ನು ಗಣಿತದಿಂದ ಸ್ಥಾಪಿಸಿದನು. ಫ್ರೆಂಚ್ ವಿಜ್ಞಾನ ಅಕಾಡೆಮಿಯು 1827ರಲ್ಲಿ ಯಂಗನನ್ನು ತನ್ನ ವಿದೇಶೀ ಸದಸ್ಯನನ್ನಾಗಿ ಆರಿಸಿತು. ಎರಡು ವರ್ಷಗಳಲ್ಲಿ, 1829ರ ಮೇ 10ರಂದು, 55ನೆಯ ವಯಸ್ಸಿನಲ್ಲಿ ಆತನು ಕಾಲವಾದನು. ಗೌರವ ಬಂದಿತು, ಆದರೆ ತಡವಾಗಿ ಬಂದಿತು.

ಸದ್ದನ್ನು ಸದ್ದಿನಿಂದ ಅಡಗಿಸುವ ಯಂತ್ರವನ್ನು ಕಟ್ಟಲು ಮೈಕು, ಧ್ವನಿವರ್ಧಕಗಳು ಬೇಕಾಗಿದ್ದವು. ಯಂಗನ ಕಾಲದಲ್ಲಿ ಅವು ಇರಲಿಲ್ಲ. ಜರ್ಮನಿಯ ಪಾಲ್ ಲ್ಯೂಗ್ ಎಂಬ ವಿಜ್ಞಾನಿಗೆ ಅಂಥ ಯಂತ್ರಕ್ಕಾಗಿ 1936ರಲ್ಲಿ ಅಮೆರಿಕೆಯ ಪೇಟೆಂಟು ದೊರೆಯಿತು. ಬಂಗಾಳಿ ತಂದೆಯ ಮಗನಾದ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕುಳಿತಿದ್ದಾಗ ಇದನ್ನು ಕಿವಿಗವಸಿಗೆ ಅಳವಡಿಸುವ ಲೆಕ್ಕ ಹಾಕಿದರು. ಅವರ ಕಂಪೆನಿಯ ವೈಮಾನಿಕ ಹೆಡ್‌ಸೆಟ್ಟು 1989ರಲ್ಲಿ ಮಾರಾಟಕ್ಕೆ ಬಂದಿತು.

ನಮ್ಮ ನಾಡಿಗೂ ಗಟಿಂಗೆನ್ನಿಗೂ ಒಂದು ನಂಟುಂಟು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸಿದ ಡಾ. ವಿ.ಎಂ. ಘಾಟಗೆಯವರು ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಂಟ್ಲ್ ಎಂಬ ಆಚಾರ್ಯರ ಬಳಿ ಓದಿದವರು. ಎಚ್.ಟಿ.-2 1951ರಲ್ಲಿ ಮೊದಲು ಹಾರಿತು. ಅದರಲ್ಲಿ ಗುರುವೂ ಶಿಷ್ಯನೂ ಒಬ್ಬರ ಹಿಂದೊಬ್ಬರು ಕುಳಿತಿರುತ್ತಿದ್ದರು. ಗುರುವಿನ ಮಾತು ಕಿವಿಗೆ ಬೀಳದಿದ್ದರೆ ಅಂಥಲ್ಲಿ ಪಾಠ ಸಾಗುವುದೆಂತು?

ನಮ್ಮ ದೊಡ್ಡಪ್ಪನವರ ಮಗ, ನನಗೆ ಅಣ್ಣನಾಗಬೇಕಾದವನು, ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ನಡೆಸುವುದನ್ನು ಕಲಿಯುತ್ತಿದ್ದಾನೆ. ಹೆಡ್‌ಸೆಟ್ಟು ಕೊಳ್ಳುವಾಗ ಅವನು ವಿಚಾರಿಸಿದ ಅಂಶಗಳನ್ನು ಕೇಳಿ ನಾನು ತಿಳಿದುಕೊಂಡದ್ದು ಇಷ್ಟು. ಎರಡು ರೆಕ್ಕೆಯ ಪ್ರೊಪೆಲ್ಲರು ನಿಮಿಷಕ್ಕೆ 2400 ಸುತ್ತು ತಿರುಗಿದರೆ ಸೆಕೆಂಡಿಗೆ 80 ಬಡಿತಗಳಾಗುತ್ತವೆ. ಆ ಮೊಳಗಿನ ಒಂದೊಂದು ಅಲೆ ನಾಲ್ಕು ಮೀಟರಿಗೂ ಉದ್ದ. ದಪ್ಪ ಬಟ್ಟಲಿನ ಸಾಮಾನ್ಯ ಕಿವಿಗವಸು ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಈ ಮೊಳಗನ್ನು ಅಷ್ಟಾಗಿ ತಡೆಯಲಾರದು. ಸದ್ದಡಗಿಸುವ ಹೆಡ್‌ಸೆಟ್ಟಿನ ಬಟ್ಟಲೊಳಗೆ ಪುಟ್ಟ ಮೈಕು ಆ ಮೊಳಗನ್ನು ಕೇಳಿ, ಅದರ ಉಬ್ಬಿಗೆ ತಗ್ಗನ್ನೂ ತಗ್ಗಿಗೆ ಉಬ್ಬನ್ನೂ ನುಡಿಸುತ್ತದೆ. ನಿಡಿದಾದ ಅಲೆಯನ್ನು ಹೀಗೆ ಹಿಡಿಯುವುದು ಸುಲಭ. ಕಿರಿದಾದ ಅಲೆ ಕೈತಪ್ಪುತ್ತದೆ. ಆದ್ದರಿಂದ ಬಟ್ಟಲೂ ಬೇಕು, ವಿದ್ಯುತ್ ಮಂಡಲವೂ ಬೇಕು.

ಕಿವಿಯ ಸುತ್ತ ಮೆತ್ತೆ ಬಿಗಿಯಾಗಿ ಕೂಡಬೇಕು. ಕನ್ನಡಕದ ದಪ್ಪ ಕಡ್ಡಿ ಅಡ್ಡ ಬಂದರೂ ಸದ್ದು ನುಸುಳುತ್ತದೆ. ಬ್ಯಾಟರಿ ತೀರಿದರೂ ರೇಡಿಯೋ ಮಾತು ಕೇಳುತ್ತಿರಬೇಕು. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ಎರಡು ಪ್ಲಗ್ಗುಗಳು, ಕೇಳಲು ಒಂದು, ಮಾತಾಡಲು ಅದಕ್ಕಿಂತ ತೆಳುವಾದ ಇನ್ನೊಂದು; ಹೆಲಿಕಾಪ್ಟರಿನ ಪ್ಲಗ್ಗು ಬೇರೆ. ವಿಮಾನದಿಂದಲೇ ವಿದ್ಯುತ್ತು ಪಡೆಯುವ ಬಗೆಯದಾದರೆ ಅದರ ಸಾಕೆಟ್ಟನ್ನು ಪರವಾನಗಿಯುಳ್ಳ ಎಂಜಿನಿಯರೇ ಕೂಡಿಸಬೇಕು. ಮೈಕು ತುಟಿಗೆ ತಾಗುವಷ್ಟು ಹತ್ತಿರವಿರಬೇಕು. ಹಾರುವ ಮುನ್ನ ಗುಂಡಿಯನ್ನೊತ್ತಿ, ಎಂಜಿನ್ನಿನ ಸದ್ದು ಹೊಸ ರೀತಿಯಲ್ಲಿ ಕೇಳುವುದಕ್ಕೆ ಕಿವಿಯನ್ನು ಪಳಗಿಸಿಕೊಳ್ಳಬೇಕು.

ಇಷ್ಟು ಎಚ್ಚರಿಕೆ ಏಕೆಂದು ಕೇಳುವವರಿಗೆ ನಮ್ಮ ತಂದೆಯವರ ಮಾತನ್ನು ಹೇಳಬೇಕು. ಅವರು ಮೂವತ್ತು ವರ್ಷ ಅಕ್ಕಿ ಗಿರಣಿಯೊಂದರಲ್ಲಿ ದುಡಿದವರು. ಕಿವಿಗೆ ಹತ್ತಿಯೂ ಇರಲಿಲ್ಲ. ಇಂದು ಮನೆಯಲ್ಲಿ ಮೊಮ್ಮಗು ತಾತ ಎಂದು ಕೂಗಿದರೆ ಅವರಿಗೆ ತಿಳಿಯದು. ಮಗುವೇ ಹೋಗಿ ಪಂಚೆಯ ಅಂಚು ಹಿಡಿದು ಎಳೆಯುತ್ತದೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ದೀರ್ಘಕಾಲದ ಗದ್ದಲದಿಂದ ಹೋದ ಕೇಳ್ಮೆಯನ್ನು ಯಾವ ವೈದ್ಯನೂ ಮರಳಿ ತರಲಾರನು. ವೈಮಾನಿಕನಿಗೆ ದೊರೆತ ಈ ರಕ್ಷಣೆ ಗಿರಣಿಯ ಆಳಿಗೂ, ಆಲೆಮನೆಯ ಎಂಜಿನ್ನಿನ ಬಳಿ ನಿಲ್ಲುವವನಿಗೂ ದೊರೆಯಬೇಡವೇ? ಅವರಿಗೆ ಸಾಮಾನ್ಯ ಕಿವಿಗವಸಾದರೂ ಸಾಕು. ಕೊಡುವ ಮನಸ್ಸು ಬೇಕು.

ಯಂಗನು ತನ್ನ ತತ್ತ್ವದಿಂದ ಸದ್ದಡಗಿಸುವ ಯಂತ್ರವನ್ನೂ ಮಾಡಲಿಲ್ಲ, ಹಣವನ್ನೂ ಗಳಿಸಲಿಲ್ಲ. ನಾದವು ಇಳಿಯುವುದೇಕೆಂದು ಕೇಳಿದನು, ಉತ್ತರ ಕಂಡನು, ಅಪಹಾಸ್ಯಕ್ಕೆ ಅಂಜಿ ಅದನ್ನು ಅಳಿಸದೆ ಗ್ರಂಥದಲ್ಲಿ ಬರೆದಿಟ್ಟನು. ಅದು ಮನುಷ್ಯನ ಕಿವಿಯನ್ನು ಕಾಯಲು ಬರುವಷ್ಟರಲ್ಲಿ ಶತಮಾನ ಕಳೆದು ಹೋಗಿತ್ತು. ಈ ಓದಿನಿಂದ ಏನು ಪ್ರಯೋಜನವೆಂದು ನಮ್ಮನ್ನು ಕೇಳುವವರು ಬಹಳ ಮಂದಿ. ಭಾಷೆ, ಶಾಸನ, ನಾದ, ಬೆಳಕು, ಎಲ್ಲವನ್ನೂ ಒಂದೇ ಪ್ರೀತಿಯಿಂದ ಅಭ್ಯಾಸಮಾಡಿದ ಈ ಮಹನೀಯನ ಜೀವನವನ್ನು ಅಂಥವರೂ ನಾವೂ ಒಮ್ಮೆ ಓದುವುದು ಒಳಿತು.