ಬ್ರೇಕ್ ಲೈಟಿಗೆ ಮೊದಲು ಬಂದ ಫಲಕ

ಕಾರಿನ ಹಾರ್ನ್, ವೈಪರ್, ಹೆಡ್‌ಲೈಟ್ ಕೆಟ್ಟರೆ ಓಡಿಸುವವರಿಗೇ ಮೊದಲು ಗೊತ್ತಾಗುತ್ತದೆ. ಬ್ರೇಕ್ ಲೈಟ್ ಹಾಗಲ್ಲ. ಅದು ಉರಿಯುವುದು ಹಿಂದೆ ಬರುವವರಿಗಾಗಿ. ಕೆಟ್ಟರೂ ಮೊದಲು ತಿಳಿಯುವುದು ಹಿಂದಿನ ಬೈಕ್ ಸವಾರನಿಗೆ, ಅದೂ ಕೆಲವೊಮ್ಮೆ ತೀರಾ ತಡವಾಗಿ. ರಸ್ತೆಯಲ್ಲಿ ಕಾರುಗಳೇ ವಿರಳವಾಗಿದ್ದ ಕಾಲದಲ್ಲಿ ಈ ಹಿಂದಿನವರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ಒಬ್ಬ ಮೂಕಿಚಿತ್ರ ನಟಿ ಇದ್ದರು. ಹೆಸರು ಫ್ಲಾರೆನ್ಸ್ ಲಾರೆನ್ಸ್. ಅಮೆರಿಕದ ಮೊದಲ ಸಿನಿಮಾ ತಾರೆ ಎಂದು ಅವರನ್ನು ಕರೆಯುವುದುಂಟು.

ಅವರು ಹುಟ್ಟಿದ್ದು 1886ರ ಜನವರಿ 2ರಂದು, ಕೆನಡಾದ ಹ್ಯಾಮಿಲ್ಟನ್ ನಗರದಲ್ಲಿ. ತಾಯಿ ಷಾರ್ಲಟ್ ಬ್ರಿಜ್‌ವುಡ್ ರಂಗನಟಿ. ಲೊಟ್ಟಾ ಲಾರೆನ್ಸ್ ಎಂಬ ಹೆಸರಿನಲ್ಲಿ ನಾಟಕ ಕಂಪನಿ ನಡೆಸುತ್ತಿದ್ದರು. ಮಗಳು ಚಿಕ್ಕಂದಿನಲ್ಲೇ ರಂಗ ಹತ್ತಿದಳು. ಶಿಳ್ಳೆಯಲ್ಲಿ ಹಾಡು ನುಡಿಸುವ ಪುಟ್ಟ ಹುಡುಗಿ ಎಂದು ಜನ ಗುರುತಿಸುತ್ತಿದ್ದರು. ಸಿನಿಮಾದಲ್ಲಿ ಅವಕಾಶ ಸಿಗಲು ನೆರವಾಗಿದ್ದು ಕುದುರೆ ಸವಾರಿ. 1907ರಲ್ಲಿ ಎಡಿಸನ್ ಕಂಪನಿಯ ಡೇನಿಯಲ್ ಬೂನ್ ಕುರಿತ ಚಿತ್ರಕ್ಕೆ ಕುದುರೆ ಏರಬಲ್ಲ ಯುವತಿ ಬೇಕಿತ್ತು, ಇವರಿಗೆ ಅದು ಬರುತ್ತಿತ್ತು.

ಮರುವರ್ಷ ಬಯೋಗ್ರಾಫ್ ಕಂಪನಿ ಸೇರಿ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅವರ ಚಿತ್ರಗಳಲ್ಲಿ ನಟಿಸತೊಡಗಿದರು. ಆಗ ತೆರೆಯ ಮೇಲೆ ನಟರ ಹೆಸರು ಹಾಕುತ್ತಿರಲಿಲ್ಲ. ಹೆಸರು ಗೊತ್ತಾದರೆ ಸಂಬಳ ಹೆಚ್ಚು ಕೇಳುತ್ತಾರೆಂಬ ಲೆಕ್ಕಾಚಾರ! ಹೀಗಾಗಿ ಜನ ಅವರನ್ನು ಬರೀ ಬಯೋಗ್ರಾಫ್ ಹುಡುಗಿ ಎನ್ನುತ್ತಿದ್ದರು. ಊರೆಲ್ಲ ಮುಖ ಗೊತ್ತು, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಆ ಹೆಸರನ್ನು ಹೊರಗೆಡವಿದವರು ನಿರ್ಮಾಪಕ ಕಾರ್ಲ್ ಲೆಮ್ಲಿ. ಅವರ ಐಎಂಪಿ ಕಂಪನಿಗೆ ಫ್ಲಾರೆನ್ಸ್ ಬಂದ ಮೇಲೆ, 1910ರಲ್ಲಿ, ಅವರು ಟ್ರಾಮ್ ಅಪಘಾತದಲ್ಲಿ ತೀರಿಕೊಂಡರೆಂಬ ಸುದ್ದಿ ಹಬ್ಬಿತು. ಅದು ಸುಳ್ಳು, ಆಕೆ ನಮ್ಮಲ್ಲೇ ಇದ್ದಾರೆ ಎಂದು ಲೆಮ್ಲಿ ಜಾಹೀರಾತು ಕೊಟ್ಟರು. ಸುದ್ದಿ ಹಬ್ಬಿಸಿದ್ದೂ ಅವರೇ ಎಂಬುದು ಹೆಚ್ಚಿನವರ ನಂಬಿಕೆ. ಬಳಿಕ ಸೇಂಟ್ ಲೂಯಿಸ್ ನಗರಕ್ಕೆ ಫ್ಲಾರೆನ್ಸ್ ಬಂದಾಗ ರೈಲು ನಿಲ್ದಾಣದಲ್ಲಿ ಜನ ಮುಗಿಬಿದ್ದರು. ಇಂದಿನ ಪ್ರಚಾರ ತಂಡಗಳಿಗೆ ಇದು ಹೊಸದೆನಿಸಲಿಕ್ಕಿಲ್ಲ. 1912ರಲ್ಲಿ ಪತಿ ಹ್ಯಾರಿ ಸಾಲ್ಟರ್ ಜತೆ ಸೇರಿ ವಿಕ್ಟರ್ ಎಂಬ ಸ್ವಂತ ಕಂಪನಿ ಕಟ್ಟಿದರು.

ಕೈಗೆ ದುಡ್ಡು ಬಂದಾಗ ಅವರು ಕಾರು ಕೊಂಡರು. ತಾವೇ ಓಡಿಸಿದರು, ರಿಪೇರಿಯಲ್ಲೂ ಕೈ ಹಾಕಿದರು. ಆಗ ಚಾಲಕರು ನಿಲ್ಲಿಸುವಾಗ, ತಿರುಗುವಾಗ ಕೈ ಹೊರಚಾಚಿ ಸನ್ನೆ ಮಾಡಬೇಕಿತ್ತು. ಎರಡೂ ಕೈ ಸ್ಟಿಯರಿಂಗ್ ಮೇಲಿರಬೇಕಾದ ಹೊತ್ತಿನಲ್ಲೇ ಒಂದು ಕೈ ಹೊರಗೆ! 1914ರ ಸುಮಾರಿಗೆ ಅವರು ಇದಕ್ಕೆ ಎರಡು ಉಪಾಯ ಕಂಡುಕೊಂಡರು. ಹಿಂದಿನ ಮಡ್‌ಗಾರ್ಡ್ ಮೇಲೆ ಒಂದು ತೋಳು. ಗುಂಡಿ ಒತ್ತಿದರೆ ವಿದ್ಯುತ್ತಿನಿಂದ ಏರಿಳಿದು ಯಾವ ಕಡೆ ತಿರುಗುತ್ತೇವೆಂದು ತೋರಿಸುತ್ತಿತ್ತು. ಇನ್ನೊಂದು, ಬ್ರೇಕ್ ತುಳಿದ ಕೂಡಲೇ ಹಿಂದೆ ಮೇಲೇಳುವ, ಸ್ಟಾಪ್ ಎಂದು ಬರೆದ ಫಲಕ.

ಬ್ರೇಕ್ ಲೈಟ್ ಕಂಡುಹಿಡಿದವರೇ ಇವರು ಎಂದು ಕೆಲವರು ಬರೆಯುತ್ತಾರೆ. ಅದು ಸ್ವಲ್ಪ ಅತಿ. ಅವರದು ದೀಪವಲ್ಲ, ಫಲಕ. ಇಂಥ ಪ್ರಯತ್ನದಲ್ಲಿ ಬೇರೆಯವರೂ ಇದ್ದರು. ಆದರೆ ಸನ್ನೆಯನ್ನು ಬ್ರೇಕ್ ಪೆಡಲ್‌ಗೇ ಕಟ್ಟಿಹಾಕಿದ್ದು ದೊಡ್ಡ ಯೋಚನೆ. ಚಾಲಕ ನೆನಪಿಟ್ಟುಕೊಂಡು ಏನನ್ನೂ ಮಾಡಬೇಕಿಲ್ಲ. ಕಾಲು ತುಳಿದರೆ ಸಾಕು, ಸುದ್ದಿ ಹಿಂದಕ್ಕೆ ಹೋಗುತ್ತದೆ.

ಇಂದಿನ ಕಾರಿನಲ್ಲೂ ನಡೆಯುವುದು ಅದೇ. ಪೆಡಲ್ ಬಳಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ತುಳಿದಾಗ ಅದು ದೀಪದ ಸರ್ಕ್ಯೂಟ್ ಕೂಡಿಸುತ್ತದೆ. ಆಟೊಮೊಬೈಲ್ ಓದುವ ಗೆಳೆಯರು ದೋಷ ಹುಡುಕುವ ಹಾದಿಯನ್ನೂ ಇಲ್ಲಿಂದಲೇ ಹಿಡಿಯಬಹುದು. ಒಂದೇ ಕಡೆಯ ದೀಪ ಉರಿಯದಿದ್ದರೆ ಮೊದಲು ಆ ಬಲ್ಬ್, ಆಮೇಲೆ ತುಕ್ಕು ಹಿಡಿದ ಹೋಲ್ಡರ್ ನೋಡಿ. ಹಲವು ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿ ಇರುತ್ತವೆ, 5 ವ್ಯಾಟಿನದು ಟೇಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಹಾಗಾಗಿ ಟೇಲ್ ಲೈಟ್ ಉರಿಯುತ್ತಿದೆ ಎಂದಮಾತ್ರಕ್ಕೆ ಬ್ರೇಕ್ ಲೈಟೂ ಸರಿಯಿದೆ ಎನ್ನುವಂತಿಲ್ಲ. ಎರಡೂ ಕಡೆ ಒಟ್ಟಿಗೇ ಆರಿದ್ದರೆ ಫ್ಯೂಸ್, ಅದು ಸರಿಯಿದ್ದರೆ ಪೆಡಲ್ ಸ್ವಿಚ್. ಬ್ರೇಕ್ ಒತ್ತಿದಾಗ ದೀಪ ಮಂಕಾಗಿ, ಪಕ್ಕದ ಇಂಡಿಕೇಟರ್ ಸಹ ಮಿಣಕ್ ಎಂದರೆ ಅರ್ಥಿಂಗ್ ಸರಿಯಿಲ್ಲವೆಂದು ಅನುಮಾನಿಸಿ. ಕಾಲು ತೆಗೆದರೂ ಆರದಿದ್ದರೆ ಸ್ವಿಚ್ ಸಿಕ್ಕಿಕೊಂಡಿದೆ, ಇಲ್ಲವೇ ಪೆಡಲ್ ಮೇಲಿನ ಚಿಕ್ಕ ರಬ್ಬರ್ ತುಂಡು ಪುಡಿಯಾಗಿ ಉದುರಿದೆ. ಕಾರಿನಲ್ಲಿ ಒಬ್ಬರೇ ಇದ್ದೀರಾ? ರಾತ್ರಿ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ತುಳಿಯಿರಿ, ಕನ್ನಡಿಯಲ್ಲಿ ಗೋಡೆಯ ಮೇಲಿನ ಕೆಂಪು ಬೆಳಕು ಕಾಣುತ್ತದೆ.

ಫ್ಲಾರೆನ್ಸ್ ತಮ್ಮ ಎರಡೂ ಉಪಕರಣಗಳಿಗೆ ಪೇಟೆಂಟ್ ಪಡೆಯಲಿಲ್ಲ. ಸಿನಿಮಾದಲ್ಲಿ ಹೆಸರಿಗಾಗಿ ಅಷ್ಟು ಕಾದವರಿಗೆ ಇಲ್ಲಿ ಹೆಸರೂ ದಕ್ಕಲಿಲ್ಲ, ಹಣವೂ ಬರಲಿಲ್ಲ. ಪೇಟೆಂಟ್ ಇದ್ದಿದ್ದರೆ ಕೋಟ್ಯಧೀಶೆಯಾಗುತ್ತಿದ್ದರು ಎನ್ನುವುದು ಸುಲಭ. ಆದರೆ ಅವರ ತಾಯಿಯ ಕಥೆ ನೋಡಿ. ಷಾರ್ಲಟ್ ವಿದ್ಯುತ್ತಿನಿಂದ ಓಡುವ, ರೋಲರ್‌ಗಳಿಂದ ಗಾಜು ಒರೆಸುವ ವೈಪರ್ ರೂಪಿಸಿ 1917ರಲ್ಲಿ ಪೇಟೆಂಟನ್ನೂ ಪಡೆದರು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಕಾರು ಕಂಪನಿಗಳು ಮುಂದೆ ತಮ್ಮದೇ ದಾರಿಯಲ್ಲಿ ವೈಪರ್ ಅಳವಡಿಸಿಕೊಂಡವು, ತಾಯಿಗೂ ಏನೂ ಸಿಗಲಿಲ್ಲ.

ಒಮ್ಮೆ ಚಿತ್ರೀಕರಣದ ವೇಳೆ ಹಚ್ಚಿದ ಬೆಂಕಿ ಕೈಮೀರಿತು. ಫ್ಲಾರೆನ್ಸ್‌ಗೆ ಸುಟ್ಟ ಗಾಯಗಳಾದವು, ಬಿದ್ದು ಪೆಟ್ಟೂ ಆಯಿತು. ಚೇತರಿಸಿಕೊಂಡು ಬರುವಷ್ಟರಲ್ಲಿ ಪ್ರೇಕ್ಷಕರು ಹೊಸ ಮುಖಗಳ ಹಿಂದೆ ಹೋಗಿದ್ದರು. 1920ರಲ್ಲಿ ಸಾಲ್ಟರ್ ತೀರಿಕೊಂಡರು. ಎರಡನೇ ಪತಿಯೊಂದಿಗೆ ಲಾಸ್ ಏಂಜಲೀಸ್‌ನಲ್ಲಿ ಸೌಂದರ್ಯವರ್ಧಕಗಳ ಅಂಗಡಿ ತೆರೆದರು. 1929ರಲ್ಲಿ ತಾಯಿ ಹೋದರು, ಅದೇ ವರ್ಷ ಷೇರುಪೇಟೆ ಕುಸಿಯಿತು, ಆಮೇಲೆ ಅಂಗಡಿಯೂ ಮುಚ್ಚಿತು. ಮೂರನೇ ಮದುವೆಯಲ್ಲಿ ಹೊಡೆತ ತಿಂದರು. ಕೆಲವೇ ತಿಂಗಳಲ್ಲಿ ಅದೂ ಮುರಿಯಿತು. 1936ರಿಂದ ಎಂಜಿಎಂ ಸ್ಟುಡಿಯೊದಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತ ವಾರದ ಸಂಬಳಕ್ಕೆ ದುಡಿದರು. ಒಂದು ಕಾಲದ ತಾರೆ ಈಗ ಗುಂಪಿನಲ್ಲೊಂದು ಮುಖ, ಮತ್ತೆ ಹೆಸರಿಲ್ಲದ ಪಾತ್ರ. ಮೂಳೆ ಮಜ್ಜೆಯ ಕಾಯಿಲೆಯ ನೋವು, ಖಿನ್ನತೆ ಎರಡೂ ಸೇರಿ 1938ರ ಡಿಸೆಂಬರ್ 28ರಂದು ತಾವೇ ಜೀವ ಕಳೆದುಕೊಂಡರು. ಆಗ ಅವರಿಗೆ 52 ವರ್ಷ.

ಬ್ಯೂಕ್ ಕಂಪನಿಯ 1939ರ ಮಾದರಿಯ ಕಾರುಗಳ ಹಿಂಭಾಗದಲ್ಲಿ ಮಿನುಗುವ ತಿರುವು ದೀಪಗಳು ಬಂದವು. ಹಿಂದಿನ ಗಾಜಿನ ಬಳಿ ಎತ್ತರದಲ್ಲಿ ಉರಿಯುವ ಮೂರನೇ ಬ್ರೇಕ್ ಲೈಟ್ ಅಮೆರಿಕದ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು 1986ರ ಮಾದರಿಯಿಂದ, ಫ್ಲಾರೆನ್ಸ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ.

ಹಾಲಿವುಡ್‌ನ ಸ್ಮಶಾನದಲ್ಲಿ ಅವರ ಸಮಾಧಿಗೆ ಅರ್ಧ ಶತಮಾನ ಕಲ್ಲೇ ಇರಲಿಲ್ಲ. 1991ರಲ್ಲಿ ಹೆಸರು ಹೇಳಲಿಚ್ಛಿಸದ ನಟರೊಬ್ಬರು ಹಣ ಕೊಟ್ಟು ಒಂದು ಕಲ್ಲು ಹಾಕಿಸಿದರು. ಅದರ ಮೇಲೆ ಬಯೋಗ್ರಾಫ್ ಹುಡುಗಿ, ಮೊದಲ ಸಿನಿಮಾ ತಾರೆ ಎಂದಿದೆ. ಕಾರಿನ ಮಾತು ಅಲ್ಲಿಲ್ಲ.