ವಾದಿಯೂ ವ್ರತಿಯೂ ಆದ ಸ್ವಾಮಿ ಸಮಂತಭದ್ರಾಚಾರ್ಯರು

ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಿಮಲಚಂದ್ರ ಪಂಡಿತದೇವರು ಸಂನ್ಯಸನವಿಧಿಯಿಂದ ದೇಹತ್ಯಾಗ ಮಾಡಿದುದನ್ನು ತಿಳಿಸುವ ಪ್ರಾಚೀನ ಶಾಸನವೊಂದಿದೆ. ಅಂತಹ ಸಮಾಧಿಮರಣವು ಯಾವಾಗ ಸಲ್ಲುವುದೆಂಬುದನ್ನು ಗೃಹಸ್ಥರಿಗೂ ತಿಳಿಯುವಂತೆ ನಿರೂಪಿಸಿದವರು ಸ್ವಾಮಿ ಸಮಂತಭದ್ರಾಚಾರ್ಯರು. ಆದರೆ ನಮ್ಮ ಜನ ಅವರನ್ನು ನೆನೆಯುವುದು ಹೆಚ್ಚಾಗಿ ಪರವಾದಿಗಳನ್ನು ಗೆದ್ದ ವೀರರೆಂದು. ಪಾಟಲೀಪುತ್ರದಲ್ಲಿ ವಾದಭೇರಿಯನ್ನು ಬಾರಿಸಿ, ಮಾಳವ, ಸಿಂಧು, ಕಾಂಚಿ, ವಿದಿಶೆಗಳನ್ನು ಸುತ್ತಿ ಅವರು ಕರಹಾಟಕಕ್ಕೆ ಬಂದರೆಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಸಾರುತ್ತದೆ.

ಗೆಲ್ಲುವುದಕ್ಕೆಂದೇ ಆಡುವ ಮಾತು ಜಲ್ಪ. ಸ್ವಪಕ್ಷವಿಲ್ಲದೆ ಬರಿದೆ ಖಂಡಿಸುವುದು ವಿತಂಡ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ಮಾತ್ರ ವಾದ. ಇಂದಿನ ಸಭೆಗಳಲ್ಲಿ ಮೊದಲೆರಡೇ ಹೆಚ್ಚು! ಆಚಾರ್ಯರ ಆಪ್ತಮೀಮಾಂಸೆಯಾದರೋ ಪರೀಕ್ಷೆಯನ್ನು ಜಿನೇಶ್ವರನಿಂದಲೇ ಆರಂಭಿಸುತ್ತದೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವುಗಳಿಂದ ಆಪ್ತತ್ವ ಸಿದ್ಧಿಸದು. ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಚನವುಳ್ಳವನೇ ಆಪ್ತನೆಂಬುದು ಅವರ ನಿಲುವು. ನಿತ್ಯವೇ ಸತ್ಯ, ಕ್ಷಣಿಕವೇ ಸತ್ಯ, ದೈವವೇ ಎಲ್ಲ, ಪೌರುಷವೇ ಎಲ್ಲ ಎಂಬ ಏಕಾಂತಗಳನ್ನು ಅವರು ಒಂದೊಂದಾಗಿ ಒರೆಗೆ ಹಚ್ಚಿ, ಪ್ರತಿಯೊಂದರಲ್ಲಿಯೂ ಅಪೇಕ್ಷಾಭೇದದಿಂದ ನಿಲ್ಲುವ ಅಂಶವನ್ನು ಉಳಿಸಿಕೊಂಡರು. ಈ ಗ್ರಂಥಕ್ಕೆ ಅಕಲಂಕರು ಅಷ್ಟಶತಿಯನ್ನೂ ವಿದ್ಯಾನಂದರು ಅಷ್ಟಸಹಸ್ರಿಯನ್ನೂ ರಚಿಸಿದರು.

ಇಷ್ಟೆಲ್ಲ ವಾದಿಸಿದವರು ಒಂದೆಡೆ ತಮ್ಮ ಪಕ್ಷವನ್ನು ಬಿಟ್ಟುಕೊಟ್ಟರು. ಕಥಾಪರಂಪರೆ ಹೇಳುವಂತೆ, ಮುನಿದೀಕ್ಷೆಯಲ್ಲಿದ್ದಾಗ ಅವರಿಗೆ ಭಸ್ಮಕವ್ಯಾಧಿ ತಗುಲಿತು. ಎಷ್ಟು ಉಂಡರೂ ಭಸ್ಮವಾಗುವ ಹಸಿವು. ದಿನಕ್ಕೊಂದೇ ಆಹಾರವೆಂಬ ಮುನಿಯ ನಿಯಮ. ವ್ರತಭಂಗಕ್ಕಿಂತ ಸಲ್ಲೇಖನವೇ ಮೇಲೆಂದು ಗುರುವಿನ ಅನುಮತಿ ಬೇಡಿದರು. ಗುರು ಒಪ್ಪಲಿಲ್ಲ. ರೋಗಕ್ಕೆ ಪರಿಹಾರವುಂಟು, ಶಿಷ್ಯನಿಂದ ಧರ್ಮಪ್ರಭಾವನೆಯ ಕಾರ್ಯವೂ ಉಂಟು. ಆದುದರಿಂದ ದೀಕ್ಷೆಯನ್ನು ಬಿಟ್ಟು ವ್ಯಾಧಿಯನ್ನು ಕಳೆದುಕೊಂಡು ಬರಬೇಕೆಂದು ಆಜ್ಞಾಪಿಸಿದರು. ಉಪವಾಸದಲ್ಲಿ ಪಳಗಿದ ಶರೀರಕ್ಕೆ ಉಣ್ಣುವುದೇ ಕಠಿಣ ತಪಸ್ಸಾಯಿತು. ವೇಷ ಬದಲಿಸಿ, ಶಿವಾಲಯವೊಂದರಲ್ಲಿ ಬಾಗಿಲು ಮುಚ್ಚಿ ನೈವೇದ್ಯವನ್ನೆಲ್ಲ ಭುಂಜಿಸುತ್ತಿದ್ದರು. ವ್ಯಾಧಿ ಇಳಿದಂತೆ ಅನ್ನ ಮಿಗತೊಡಗಿತು, ಗುಟ್ಟು ರಟ್ಟಾಯಿತು. ಲಿಂಗಕ್ಕೆ ನಮಸ್ಕರಿಸೆಂದು ಅರಸ ಆಜ್ಞಾಪಿಸಲು, ಅವರು ಇಪ್ಪತ್ತನಾಲ್ಕು ತೀರ್ಥಂಕರರ ಸ್ತುತಿಯನ್ನು ಆರಂಭಿಸಿದರು. ಚಂದ್ರಪ್ರಭಸ್ವಾಮಿಯ ಸ್ತುತಿಯಲ್ಲಿ ಜಿನಬಿಂಬ ಪ್ರಕಟವಾಯಿತಂತೆ. ಅದೇ ಸ್ವಯಂಭೂಸ್ತೋತ್ರ. ಬಳಿಕ ಪ್ರಾಯಶ್ಚಿತ್ತಪೂರ್ವಕ ಮರಳಿ ದೀಕ್ಷೆ ಪಡೆದರು.

ಈ ಕಥೆಯಲ್ಲಿ ಅನೇಕರಿಗೆ ಬಿಂಬದ ಅತಿಶಯವೇ ಮುಖ್ಯ. ನನಗೆ ಗುರುವಿನ ನಿರಾಕರಣೆ ಮುಖ್ಯವೆನಿಸುತ್ತದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಆಚಾರ್ಯರು ಸಲ್ಲೇಖನಕ್ಕೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಕಾರಣವಾಗಿ ಹೇಳಿ, ಅವು ಪ್ರತೀಕಾರವಿಲ್ಲದವುಗಳಾಗಿರಬೇಕೆಂಬ ನಿಬಂಧನೆಯನ್ನು ಸೇರಿಸಿದ್ದಾರೆ. ಮನೆಯ ಹಿರಿಯರು ಅನ್ನ ಬಿಡುತ್ತೇವೆಂದಾಗ ನಾವು ಮೊದಲು ವಿಚಾರಿಸಬೇಕಾದುದು ಆ ಒಂದು ಪದವನ್ನು.